ಹಳೆಯ ವಿಮಾನದ ಪೈಲಟ್‌ನಂತೆ ಕಾರಿನ ಪೆಟ್ರೋಲ್ ಲೆಕ್ಕವಿಡುವುದು ಹೇಗೆ?

ಹೊಸ ಕಾರು ಮನೆಗೆ ಬಂದಾಗ ನೆರೆಹೊರೆಯವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಮೈಲೇಜ್ ಕೊಡುತ್ತದೆ?" ಎಂಬುದು. ಈ ಪ್ರಶ್ನೆಯಲ್ಲಿರುವ 'ಕೊಡುತ್ತದೆ' ಎಂಬ ಕ್ರಿಯಾಪದವೇ ನಮ್ಮ ದಾರಿ ತಪ್ಪಿಸುತ್ತದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಹಸು ಹಾಲು ಕೊಟ್ಟಂತೆ ಕಾರು ತಾನಾಗಿ ಮೈಲೇಜ್ ಕೊಡುತ್ತದೆ, ಕೊಟ್ಟದ್ದನ್ನು ಪಡೆಯುವುದಷ್ಟೇ ನಮ್ಮ ಪಾಲು ಎಂಬ ಭಾವನೆ ಅದರೊಳಗೆ ಅಡಗಿದೆ. ಪಿಸ್ಟನ್ ಎಂಜಿನ್ ವಿಮಾನಗಳ ಕಾಲದ ಪೈಲಟ್‌ಗಳ ಮಾತು ಬೇರೆಯಾಗಿತ್ತು. ಗಂಟೆಗೆ ಎಷ್ಟು ಸುಡುತ್ತಿದ್ದೇನೆ, ಟ್ಯಾಂಕಿನಲ್ಲಿ ಇನ್ನೆಷ್ಟು ಗಂಟೆಗಾಗುವಷ್ಟು ಉಳಿದಿದೆ, ಇಳಿದಾಗ ಎಷ್ಟು ಮಿಕ್ಕಿರಬೇಕು ಎಂಬ ಮೂರು ಪ್ರಶ್ನೆಗಳನ್ನು ಅವರು ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು, ಉತ್ತರವನ್ನು ಕಾಗದದ ಮೇಲೆ ಬರೆದಿಡುತ್ತಿದ್ದರು.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ, 1951ರಲ್ಲಿ ಮೊದಲ ಬಾರಿಗೆ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಮುಂದೆ ನಿಂತು ನಾನು ಅನೇಕ ಸಲ ಯೋಚಿಸಿದ್ದೇನೆ. ಅದರ 155 ಅಶ್ವಶಕ್ತಿಯ ಎಂಜಿನ್ ಇಂದಿನ ಒಂದು ದೊಡ್ಡ ಎಸ್‌ಯುವಿಯ ಎಂಜಿನ್ನಿನಷ್ಟೇ ಬಲದ್ದು. ಆದರೆ ಅದರಲ್ಲಿ ಹಾರಾಟ ಕಲಿತ ಹುಡುಗನಿಗೆ ಇಂಧನದ ಬಗ್ಗೆ ಇದ್ದ ಎಚ್ಚರದ ಹತ್ತರಲ್ಲೊಂದು ಪಾಲೂ ನಮ್ಮಲ್ಲಿಲ್ಲ. ಆ ಎಚ್ಚರವನ್ನು ಕಾರಿನ ಸ್ಟೀರಿಂಗ್ ಹಿಂದೆ ಹೇಗೆ ತಂದುಕೊಳ್ಳಬಹುದು ಎಂಬುದನ್ನು, ವರ್ಷಗಳಿಂದ ನಾನೇ ಮಾಡಿ ನೋಡಿದ ಕ್ರಮದಲ್ಲಿ ಇಲ್ಲಿ ವಿವರಿಸುತ್ತೇನೆ. ಕೈಯಿಂದ ಗೇರ್ ಬದಲಿಸುವ ಸಾಧಾರಣ ಪೆಟ್ರೋಲ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಡೀಸೆಲ್ ಕಾರಿನವರಿಗೂ ಹೆಚ್ಚಿನ ಭಾಗ ಅನ್ವಯಿಸುತ್ತದೆ.

ಮೊದಲು ಅಳತೆ

1938ರಲ್ಲಿ ಬಂದ ಪೈಪರ್ ಕಬ್ ಎಂಬ ಪುಟ್ಟ ವಿಮಾನದ ಇಂಧನ ಸೂಚಕ ಒಂದು ಬಿರಡೆ ಮತ್ತು ಒಂದು ತಂತಿಯಷ್ಟೇ ಆಗಿತ್ತು. ಪೈಲಟ್‌ನ ಗಾಜಿನ ಮುಂದೆ ಇದ್ದ ಟ್ಯಾಂಕಿನಲ್ಲಿ ಬಿರಡೆ ತೇಲುತ್ತಿತ್ತು, ಅದಕ್ಕೆ ಸಿಕ್ಕಿಸಿದ ತಂತಿ ಮುಚ್ಚಳದ ತೂತಿನಿಂದ ಮೇಲೆದ್ದು ಕಾಣುತ್ತಿತ್ತು. ಪೆಟ್ರೋಲ್ ಖರ್ಚಾದಂತೆ ತಂತಿ ಕೆಳಗಿಳಿಯುತ್ತಿತ್ತು. ಒಂದರ ಮೇಲೊಂದು ರೆಕ್ಕೆಗಳಿದ್ದ ಟೈಗರ್ ಮಾತ್ ತರಬೇತಿ ವಿಮಾನದಲ್ಲಿ ಟ್ಯಾಂಕು ಮೇಲಿನ ರೆಕ್ಕೆಯ ನಡುವೆ ಇದ್ದುದರಿಂದ ಸೂಚಕವೂ ಪೈಲಟ್‌ನ ತಲೆಯ ಮೇಲೆಯೇ ಇತ್ತು. ಇಂಥ ಸೂಚಕಗಳನ್ನು ಪೂರ್ತಿ ನಂಬುವಂತಿರಲಿಲ್ಲವಾದ್ದರಿಂದ, ಹಾರುವ ಮುನ್ನ ಟ್ಯಾಂಕಿನ ಮಟ್ಟವನ್ನು ಕಣ್ಣಾರೆ ನೋಡುವುದು, ಹಾರಿದ ಮೇಲೆ ಗಡಿಯಾರ ನೋಡುತ್ತ ಖರ್ಚನ್ನು ಕಳೆಯುತ್ತ ಹೋಗುವುದು ರೂಢಿಯಾಯಿತು.

ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನ ಮುಳ್ಳು ಆ ಬಿರಡೆಗಿಂತ ನೋಡಲು ಚೆಂದ, ನಂಬಿಕೆಯಲ್ಲಿ ತೀರ ಮೇಲೇನೂ ಅಲ್ಲ. ಪರದೆಯ ಮೇಲೆ ತೋರಿಸುವ ಸರಾಸರಿ ಮೈಲೇಜ್ ಕೂಡ ಹಲವು ಕಾರುಗಳಲ್ಲಿ ವಾಸ್ತವಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ. ಆದ್ದರಿಂದ ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯಿರಿ. ಬೆಳಗಿನ ತಂಪಿನಲ್ಲಿ, ನಿಮಗೆ ಗೊತ್ತಿರುವ ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ನಳಿಕೆ ಮೊದಲ ಸಲ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. ಬಂಕಿನ ಹುಡುಗ ಬಿಲ್ಲನ್ನು ನೂರರ ಲೆಕ್ಕಕ್ಕೆ ತರಲೆಂದು ಮತ್ತೆರಡು ಸಲ ಒತ್ತಲು ಹೋದರೆ ಬೇಡವೆನ್ನಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುನ್ನೂರು ನಾನ್ನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ಸಲದ ಲೆಕ್ಕದಲ್ಲಿ ಒಂದು ಲೀಟರಿನಷ್ಟು ಹೆಚ್ಚುಕಡಿಮೆ ಆಗಬಹುದು. ನಾಲ್ಕೈದು ಸಲದ ಒಟ್ಟು ಮೊತ್ತದಲ್ಲಿ ಆ ದೋಷ ಕರಗಿಹೋಗುತ್ತದೆ.

ಬರೆಯುವಾಗ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದರ ಪಕ್ಕದಲ್ಲಿ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದನ್ನೂ ಬರೆಯಿರಿ. ಇದು ಸುಮ್ಮನೆ ಮಾಡುವ ಕಸರತ್ತಲ್ಲ. ಲೀಟರಿಗೆ 12 ಓಡುವ ಕಾರು 14 ಓಡುವಂತಾದರೆ ನೂರು ಕಿಲೋಮೀಟರಿಗೆ 1.2 ಲೀಟರ್ ಉಳಿಯುತ್ತದೆ. 20 ಓಡುವ ಕಾರು 22 ಓಡುವಂತಾದರೆ ಉಳಿಯುವುದು 0.45 ಲೀಟರ್ ಮಾತ್ರ. ಎರಡರಲ್ಲೂ ಹೆಚ್ಚಿದ್ದು ಎರಡೇ ಕಿಲೋಮೀಟರ್, ಉಳಿತಾಯದಲ್ಲಿ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರ. ಮನೆಯಲ್ಲಿ ಎರಡು ಗಾಡಿಗಳಿದ್ದರೆ, ಹೆಚ್ಚು ಕುಡಿಯುವ ಗಾಡಿಯನ್ನು ಸರಿಯಾಗಿ ಓಡಿಸುವುದರಲ್ಲೇ ಹೆಚ್ಚು ಲಾಭವಿದೆ ಎಂಬುದು ಈ ಲೆಕ್ಕದಿಂದ ಮಾತ್ರ ಕಾಣುತ್ತದೆ.

ತೂಕ, ಟಯರು ಮತ್ತು ತಣ್ಣನೆಯ ಎಂಜಿನ್

1927ರ ಮೇ 20ರಂದು ಅಮೆರಿಕದ ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಒಬ್ಬಂಟಿಯಾಗಿ ಹೊರಟು, ಸುಮಾರು 5,800 ಕಿಲೋಮೀಟರನ್ನು ಮೂವತ್ಮೂರೂವರೆ ಗಂಟೆಗಳಲ್ಲಿ ಕ್ರಮಿಸಿ ಪ್ಯಾರಿಸಿನಲ್ಲಿ ಇಳಿದರು. ಹೊರಡುವಾಗ ಅವರ ವಿಮಾನದಲ್ಲಿ ಸುಮಾರು 1,700 ಲೀಟರ್ ಪೆಟ್ರೋಲ್ ಇತ್ತು, ವಿಮಾನದ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿನದೇ. ಆ ಭಾರಕ್ಕೆ ಜಾಗ ಮಾಡಿಕೊಡಲು ಅವರು ರೇಡಿಯೋ ಬಿಟ್ಟರು, ಪ್ಯಾರಾಶೂಟ್ ಬಿಟ್ಟರು, ಬೆತ್ತದ ಕುರ್ಚಿಯ ಮೇಲೆ ಕುಳಿತರು, ನಕಾಶೆಗಳಲ್ಲಿ ಬೇಡವಾದ ಭಾಗಗಳನ್ನು ಕತ್ತರಿಸಿ ತೆಗೆದರು. ಇಳಿದಾಗ ಟ್ಯಾಂಕಿನಲ್ಲಿ ಮುನ್ನೂರು ಲೀಟರಿಗಿಂತ ಹೆಚ್ಚು ಉಳಿದಿತ್ತು. ಲೆಕ್ಕ ಹಾಕಿದರೆ ಲೀಟರಿಗೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು. ಸಮುದ್ರ ದಾಟಿದ ಆ ವಿಮಾನದ ಮೈಲೇಜ್ ಇಂದಿನ ತುಂಬಿದ ಬಸ್ಸಿನ ಮೈಲೇಜಿನ ಆಸುಪಾಸಿನಲ್ಲಿದೆ ಎಂಬುದು ನನಗೆ ಪ್ರತಿ ಸಲವೂ ಆಶ್ಚರ್ಯದ ಸಂಗತಿ.

ನಾವು ಲಿಂಡ್‌ಬರ್ಗ್ ಅವರಷ್ಟು ಕಠಿಣವಾಗಬೇಕಿಲ್ಲ. ಸ್ಟೆಪ್ನಿ, ಜಾಕ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವುಗಳನ್ನು ಯಾವ ಕಾರಣಕ್ಕೂ ಇಳಿಸಬಾರದು. ಆದರೆ ಕಳೆದ ತಿಂಗಳ ಮದುವೆಗೆ ಒಯ್ದ ಪಾತ್ರೆಗಳು, ಅರ್ಧ ಖಾಲಿಯಾದ ಸಿಮೆಂಟ್ ಚೀಲ, ಯಾರದೋ ಹಳೆಯ ಪುಸ್ತಕದ ಗಂಟು ಡಿಕ್ಕಿಯಲ್ಲಿ ಊರೂರು ಸುತ್ತುವುದಕ್ಕೆ ಅರ್ಥವಿಲ್ಲ. ಐವತ್ತು ಕಿಲೋ ಅನಗತ್ಯ ಭಾರ ಸುಮಾರು ಶೇಕಡಾ ಒಂದರಷ್ಟು ಇಂಧನವನ್ನು ಹೆಚ್ಚಾಗಿ ತಿನ್ನುತ್ತದೆ, ಊರೊಳಗಿನ ನಿಂತು ಹೊರಡುವ ಓಡಾಟದಲ್ಲಿ ಇನ್ನೂ ತುಸು ಹೆಚ್ಚು. ಮೇಲ್ಛಾವಣಿಯ ಕ್ಯಾರಿಯರ್ ಇದಕ್ಕಿಂತ ದೊಡ್ಡ ಕಳ್ಳ; ಖಾಲಿ ಇದ್ದಾಗಲೂ ಅದು ಗಾಳಿಯನ್ನು ತಡೆಯುತ್ತದೆ. ಪ್ರವಾಸ ಮುಗಿದ ದಿನವೇ ಅದನ್ನು ಬಿಚ್ಚಿಡಿ.

ಟ್ಯಾಂಕ್ ಅರ್ಧವೇ ತುಂಬಿಸಿ ತೂಕ ಉಳಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ನಲವತ್ತು ಲೀಟರ್ ಪೆಟ್ರೋಲಿನ ತೂಕ ಮೂವತ್ತು ಕಿಲೋ ಮಾತ್ರ. ಅದರ ಅರ್ಧವನ್ನು ಉಳಿಸಲು ಬಂಕಿಗೆ ಎರಡು ಸಲ ಹೋಗುವುದರಲ್ಲೇ ಆ ಉಳಿತಾಯ ಮುಗಿದುಹೋಗುತ್ತದೆ.

ಟಯರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿದ್ದಾಗ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿದೆ. ಟಯರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿ ಗರಿಷ್ಠ ಮಿತಿಯದು, ಅದನ್ನು ತುಂಬಿಸಬಾರದು. ನಾಲ್ಕೂ ಟಯರುಗಳಲ್ಲಿ ಒಂದೊಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಇಂಧನದ ಖರ್ಚು ಸರಾಸರಿ ಶೇಕಡಾ 0.2ರಷ್ಟು ಏರುತ್ತದೆ. ಇದು ಸಣ್ಣದಾಗಿ ಕಂಡರೂ, ಎಂಟು ಹತ್ತು ಪಿಎಸ್‌ಐ ಕಡಿಮೆ ಇದ್ದುದೇ ಗೊತ್ತಾಗದೆ ತಿಂಗಳುಗಟ್ಟಲೆ ಓಡುವ ಕಾರುಗಳು ನಮ್ಮ ಬೀದಿಗಳಲ್ಲಿ ಎಷ್ಟೋ ಇವೆ. ಅಂಥ ಟಯರು ಹೆದ್ದಾರಿಯಲ್ಲಿ ಬಿಸಿಯಾಗಿ ಒಡೆಯುವ ಅಪಾಯ ಇಂಧನಕ್ಕಿಂತ ದೊಡ್ಡ ಮಾತು.

ಬೆಳಗ್ಗೆ ಎಂಜಿನ್ ಚಾಲೂ ಮಾಡಿ ಐದು ಹತ್ತು ನಿಮಿಷ ನಿಲ್ಲಿಸುವ ಅಭ್ಯಾಸ ಹಳೆಯ ಎಂಜಿನ್‌ಗಳಿಂದ ಬಂದದ್ದು. ಎರಡು ಎಂಜಿನ್ನಿನ ಹಳೆಯ ಸಾಗಣೆ ವಿಮಾನವಾದ ಡಕೋಟಾದ ಪ್ರತಿ ಎಂಜಿನ್ನಿನಲ್ಲಿ ವೃತ್ತಾಕಾರವಾಗಿ ಜೋಡಿಸಿದ ಹದಿನಾಲ್ಕು ಸಿಲಿಂಡರುಗಳಿವೆ, ಒಟ್ಟು ಗಾತ್ರ ಸುಮಾರು ಮೂವತ್ತು ಲೀಟರ್. ರಾತ್ರಿಯಿಡೀ ನಿಂತಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದಿರುತ್ತದೆಂದು ಪ್ರೊಪೆಲ್ಲರನ್ನು ಮೊದಲು ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಚಾಲೂ ಮಾಡಿದ ಮೇಲೆ ಎಣ್ಣೆ ಬಿಸಿಯೇರುವವರೆಗೆ ಕಾಯುತ್ತಾರೆ. ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿಗೂ ಚೋಕ್ ಎಳೆದು ಕಾಯುವುದು ಬೇಕಿತ್ತು. ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಸಿಂಪಡಿಸುವ ಇಂದಿನ ಫ್ಯುಯೆಲ್ ಇಂಜೆಕ್ಷನ್ ಕಾರಿಗೆ ಅರ್ಧ ನಿಮಿಷ ಸಾಕು. ಅನಂತರ ಮೊದಲ ಎರಡು ಮೂರು ಕಿಲೋಮೀಟರ್ ಮೆದುವಾಗಿ ಓಡಿಸಿದರೆ ಅದು ನಿಂತಲ್ಲಿ ಬಿಸಿಯಾಗುವುದಕ್ಕಿಂತ ಬೇಗ ಬಿಸಿಯಾಗುತ್ತದೆ. ತಣ್ಣನೆಯ ಎಂಜಿನ್ ಹೆಚ್ಚು ಪೆಟ್ರೋಲ್ ಬೆರೆಸಿಕೊಳ್ಳುತ್ತದೆಯಾದ್ದರಿಂದ, ಹಾಲು ತರಲು ಒಮ್ಮೆ, ತರಕಾರಿಗೆ ಒಮ್ಮೆ, ಔಷಧಿಗೆ ಒಮ್ಮೆ ಎಂದು ಮೂರು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸುವುದು ಲೇಸು. ಹಾಲಿನ ಅಂಗಡಿಗೆ ನಡೆದೇ ಹೋಗುವುದು ಇನ್ನೂ ಲೇಸು.

ಗೇರು: ಲಿಂಡ್‌ಬರ್ಗ್ ಕಲಿಸಿದ ಎರಡನೆಯ ಪಾಠ

ಈ ಇಡೀ ಬರಹದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿರೆಂದು ನಾನು ಹೇಳುತ್ತೇನೆ. 1944ರಲ್ಲಿ ಲಿಂಡ್‌ಬರ್ಗ್ ನಾಗರಿಕ ತಂತ್ರಜ್ಞರಾಗಿ ನ್ಯೂಗಿನಿಯ ಯುದ್ಧರಂಗಕ್ಕೆ ಹೋಗಿ, ಅಮೆರಿಕದ 475ನೇ ಫೈಟರ್ ಗ್ರೂಪಿನೊಂದಿಗೆ ಪಿ-38 ಲೈಟ್ನಿಂಗ್ ಯುದ್ಧವಿಮಾನಗಳನ್ನು ಹಾರಿಸಿದರು. ಒಂದೇ ಕಾರ್ಯಾಚರಣೆಗೆ ಹೋಗಿ ಬಂದ ವಿಮಾನಗಳಲ್ಲಿ ಅವರ ವಿಮಾನದ ಟ್ಯಾಂಕಿನಲ್ಲಿ ಮಾತ್ರ ಉಳಿದವರದಕ್ಕಿಂತ ಬಹಳ ಹೆಚ್ಚು ಪೆಟ್ರೋಲ್ ಮಿಕ್ಕಿರುವುದನ್ನು ನೆಲದ ಮೆಕ್ಯಾನಿಕ್‌ಗಳು ಗಮನಿಸಿದರು. ಗುಟ್ಟು ಕೇಳಿದಾಗ ಅವರು ಹೇಳಿದ್ದು ಇಷ್ಟು: ಎಂಜಿನ್ನಿನ ಸುತ್ತುಗಳನ್ನು ನಿಮಿಷಕ್ಕೆ 2,200ರ ಬದಲು 1,600ಕ್ಕೆ ಇಳಿಸಿ, ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡವನ್ನು ತುಸು ಏರಿಸಿ, ಗಾಳಿ-ಪೆಟ್ರೋಲ್ ಮಿಶ್ರಣವನ್ನು ತೆಳುವಾಗಿಸಿ, ಎಂದರೆ ಪೆಟ್ರೋಲಿನ ಪಾಲನ್ನು ಕಡಿಮೆ ಮಾಡಿ. ಎಂಜಿನ್ ಹಾಳಾದೀತೆಂದು ತರುಣ ಪೈಲಟ್‌ಗಳು ಮೊದಲು ಅಂಜಿದರು. ಎಂಜಿನ್ ಹಾಳಾಗಲಿಲ್ಲ, ಆ ವಿಮಾನಗಳು ನೂರಾರು ಕಿಲೋಮೀಟರ್ ಹೆಚ್ಚು ದೂರದ ಗುರಿಗಳನ್ನು ಮುಟ್ಟಿ ಮರಳುವಂತಾಯಿತು.

ಕಾರಿನ ಭಾಷೆಯಲ್ಲಿ ಇದರ ಅರ್ಥ: ಎತ್ತರದ ಗೇರು, ಕಡಿಮೆ ಸುತ್ತು, ತುಸು ಹೆಚ್ಚು ಒತ್ತಿದ ಆಕ್ಸಿಲರೇಟರ್. ಕಾರಣ ಎರಡು. ಎಂಜಿನ್ ಒಂದೊಂದು ಸುತ್ತು ತಿರುಗಿದಾಗಲೂ ಪಿಸ್ಟನ್ನು, ಬೇರಿಂಗು, ವಾಲ್ವುಗಳ ಉಜ್ಜಾಟಕ್ಕೆ ತೆರಿಗೆ ಕಟ್ಟುತ್ತದೆ. ಸುತ್ತು ಕಡಿಮೆಯಾದರೆ ತೆರಿಗೆಯೂ ಕಡಿಮೆ. ಎರಡನೆಯದಾಗಿ, ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಗಾಳಿ ಬರುವ ದಾರಿ ಬಹುಪಾಲು ಮುಚ್ಚಿರುತ್ತದೆ. ಆಗ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವುದು, ಎಳನೀರಿನ ಸ್ಟ್ರಾವನ್ನು ಬೆರಳಲ್ಲಿ ಒತ್ತಿ ಹಿಡಿದು ಹೀರಿದಂತೆ. ಹೀರುವ ಶ್ರಮದಲ್ಲೇ ಶಕ್ತಿ ಕಳೆಯುತ್ತದೆ. ದಾರಿ ತೆರೆದಷ್ಟೂ ಹೀರುವ ಶ್ರಮ ಇಳಿಯುತ್ತದೆ.

ಆದ್ದರಿಂದ ಸಮತಟ್ಟಾದ ರಸ್ತೆಯಲ್ಲಿ ಸುತ್ತು 2,000ದಿಂದ 2,300ರೊಳಗೆ ಇದ್ದಾಗಲೇ ಮೇಲಿನ ಗೇರಿಗೆ ಹೋಗಿ. ಡೀಸೆಲ್ ಕಾರಿನಲ್ಲಿ ಇನ್ನೂ ಮುಂಚೆ ಹೋಗಬಹುದು. ಐವತ್ತರ ವೇಗದಲ್ಲಿ ಮೂರನೆಯ ಗೇರಿನಲ್ಲಿ ಎಂಜಿನ್ ಕೂಗುತ್ತಿರುವ ಕಾರು ನಾಲ್ಕನೆಯ ಅಥವಾ ಐದನೆಯ ಗೇರಿನಲ್ಲಿ ಅದೇ ಕೆಲಸವನ್ನು ಶಾಂತವಾಗಿ ಮಾಡುತ್ತದೆ. ವೇಗ ಏರಿಸುವಾಗ ಪಾದವನ್ನು ಅಂಜಿ ಅಂಜಿ ಇಡಬೇಕಿಲ್ಲ. ಅರ್ಧದಿಂದ ಮುಕ್ಕಾಲು ಭಾಗ ಒತ್ತಿ, ಬೇಕಾದ ವೇಗಕ್ಕೆ ಬಂದ ಕೂಡಲೇ ಸಡಿಲಿಸಿ. ಪೂರ್ತಿ ತುಳಿದರೆ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿದು ಮಿಶ್ರಣವನ್ನು ದಪ್ಪಗಾಗಿಸುತ್ತದೆ, ಆಗ ಲಾಭ ಹೋಯಿತು. ಎಂಜಿನ್ ನಡುಗಿ ಕಾರು ಗುದ್ದಾಡತೊಡಗಿದರೆ ನೀವು ಸುತ್ತನ್ನು ಅತಿಯಾಗಿ ಇಳಿಸಿದ್ದೀರಿ, ಕೆಳಗಿನ ಗೇರಿಗೆ ಬನ್ನಿ. ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಈ ಎಚ್ಚರ ಹೆಚ್ಚು ಬೇಕು: 1,500ರ ಕೆಳಗೆ ಪೂರ್ತಿ ತುಳಿದರೆ ಕಿಡಿ ಹತ್ತುವ ಮುನ್ನವೇ ಇಂಧನ ಸಿಡಿದು ಪಿಸ್ಟನ್ನಿಗೆ ಪೆಟ್ಟಾಗುವ ಸಾಧ್ಯತೆ ಇದೆ.

ಮಿಶ್ರಣದ ಕೆಲಸವನ್ನು ಇಂದಿನ ಕಾರಿನಲ್ಲಿ ಹೊಗೆಯ ಕೊಳವೆಯ ಆಕ್ಸಿಜನ್ ಸಂವೇದಕ ನೋಡಿಕೊಳ್ಳುತ್ತದೆ; ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ತೂಕದ ಲೆಕ್ಕವನ್ನು ಅದು ಕ್ಷಣಕ್ಷಣಕ್ಕೂ ಕಾಯುತ್ತದೆ. ಎಂಜಿನ್ ದೀಪ ಹತ್ತಿಕೊಂಡಿದ್ದರೆ ಆ ಸಂವೇದಕವೇ ಕೆಟ್ಟಿರಬಹುದು, ಮುಂದೂಡದೆ ತೋರಿಸಿ. ಇಂಜೆಕ್ಷನ್ ಬದಲು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಇರುವ ಹಳೆಯ ಕಾರನ್ನು ಉಳಿಸಿಕೊಂಡವರು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಬೇಕು. ತೆಳು ಕಂದು ಇದ್ದರೆ ಮಿಶ್ರಣ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಕಡಿಮೆ, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆ ಎಂಬ ಮಾತು ಕೂಡ ಈ ಹಳೆಯ ಕಾರುಗಳಿಗೇ ಹೆಚ್ಚು ಸಲ್ಲುತ್ತದೆ.

ವೇಗ ಮತ್ತು ಗಾಳಿ

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ವೇಗ ಏರಿದ್ದು ಶೇಕಡಾ 25, ಗಾಳಿಯ ತಡೆ ಏರಿದ್ದು ಶೇಕಡಾ 56. ಬೆಂಗಳೂರು–ಮೈಸೂರು ಹೆದ್ದಾರಿಯ ಸುಮಾರು 118 ಕಿಲೋಮೀಟರನ್ನು ನೂರರ ವೇಗದಲ್ಲಿ 71 ನಿಮಿಷಕ್ಕೂ, ಎಂಬತ್ತರ ವೇಗದಲ್ಲಿ 88 ನಿಮಿಷಕ್ಕೂ ಮುಗಿಸಬಹುದು. ಆ ಹದಿನೇಳು ನಿಮಿಷಕ್ಕೆ ಎಷ್ಟು ಪೆಟ್ರೋಲ್ ತೆರುತ್ತಿದ್ದೀರಿ ಎಂಬುದನ್ನು ನಿಮ್ಮ ಪುಸ್ತಕವೇ ಹೇಳಬೇಕು: ಒಂದು ಸಲ ಎಂಬತ್ತರಲ್ಲಿ ಹೋಗಿ ಬನ್ನಿ, ಇನ್ನೊಂದು ಸಲ ನೂರರಲ್ಲಿ ಹೋಗಿ ಬನ್ನಿ, ಎರಡನ್ನೂ ಬರೆಯಿರಿ. ಎಂಬತ್ತರಲ್ಲಿ ಹೋಗುವವರು ಎಡ ಪಥದಲ್ಲಿರಬೇಕು. ಇಂಧನ ಉಳಿಸುವ ಹೆಸರಿನಲ್ಲಿ ಬಲ ಪಥವನ್ನು ಹಿಡಿದು ಹಿಂದಿನವರನ್ನು ಕಾಡಬಾರದು. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ಕಡಿಮೆಯಾಗುವುದು ನಿಜ, ಆದರೆ ಆ ಅಂತರದಲ್ಲಿ ಬ್ರೇಕು ಹಾಕಲು ಸಮಯವಿರುವುದಿಲ್ಲವಾದ್ದರಿಂದ ಅದನ್ನು ಮಾಡಲೇಬೇಡಿ.

ಕಿಟಕಿ ಮತ್ತು ಎಸಿಯ ವಿಷಯ ಚಿಕ್ಕದು: ಊರೊಳಗೆ ತಂಪಿದ್ದಾಗ ಕಿಟಕಿ ತೆರೆಯಿರಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿಕೊಳ್ಳಿ.

ಬ್ರೇಕಿನಲ್ಲಿ ಸುಟ್ಟುಹೋಗುವ ಪೆಟ್ರೋಲು

ಸುಮಾರು 1,200 ಕಿಲೋ ತೂಕದ ಕಾರು ಎಂಬತ್ತರ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು ಮೂರು ಲಕ್ಷ ಜೂಲ್ ಚಲನಶಕ್ತಿ ಇರುತ್ತದೆ. ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಶೇಕಡಾ ಮೂವತ್ತನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ ಎಂದಿಟ್ಟುಕೊಂಡರೆ, ಆ ವೇಗ ಗಳಿಸಲು ಸುಮಾರು ಮೂವತ್ತು ಮಿಲಿಲೀಟರ್, ಎಂದರೆ ಎರಡು ದೊಡ್ಡ ಚಮಚದಷ್ಟು ಪೆಟ್ರೋಲ್ ಬೇಕು. ಬ್ರೇಕ್ ತುಳಿದು ನಿಂತಾಗ ಅದು ಬ್ರೇಕಿನ ತಟ್ಟೆಯಲ್ಲಿ ಬಿಸಿಯಾಗಿ ಹೋಗುತ್ತದೆ. ನಮ್ಮ ರಾಜ್ಯದ ಹಳ್ಳಿಹಳ್ಳಿಗೂ ಇರುವ ಹಂಪುಗಳ ಸಂಖ್ಯೆಯನ್ನು ನೆನೆದರೆ ಈ ಲೆಕ್ಕದ ತೂಕ ತಿಳಿಯುತ್ತದೆ: ನಲವತ್ತು ಹಂಪುಗಳ ದಾರಿಯಲ್ಲಿ ಪ್ರತಿ ಸಲವೂ ಎಂಬತ್ತರಿಂದ ಬ್ರೇಕು ಹಾಕುವವರು ಒಂದು ಲೀಟರಿಗಿಂತ ಹೆಚ್ಚನ್ನು ಬ್ರೇಕಿಗೆ ಸುರಿಯುತ್ತಾರೆ.

ವಿಮಾನದ ಪೈಲಟ್ ಇಳಿಯುವ ನಿಲ್ದಾಣಕ್ಕೆ ಬಹಳ ಮುಂಚೆಯೇ ಥ್ರಾಟಲ್ ಹಿಂದೆಗೆದು, ಗಳಿಸಿದ ಎತ್ತರವನ್ನೇ ಖರ್ಚು ಮಾಡುತ್ತ ಇಳಿಯುತ್ತಾನೆ. ನೀವೂ ಮುಂದಿನ ಕಾರಿನ ಬೆನ್ನನ್ನು ನೋಡುವುದನ್ನು ಬಿಟ್ಟು ಅದರಾಚೆಗಿನ ಮೂರ್ನಾಲ್ಕು ಗಾಡಿಗಳನ್ನು, ಸಿಗ್ನಲ್ಲನ್ನು, ಊರು ಬಂತೆಂಬ ಫಲಕವನ್ನು ನೋಡಿ. ಕಂಡ ಕೂಡಲೇ ಆಕ್ಸಿಲರೇಟರಿನಿಂದ ಪಾದ ಎತ್ತಿ, ಗೇರಿನಲ್ಲೇ ಬಿಡಿ. ಇಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ನಂಬಿಕೆಯನ್ನು ಕೀಳಬೇಕು. ಕಾರ್ಬುರೇಟರ್ ಕಾಲದಲ್ಲಿ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ತುಸು ಉಳಿತಾಯ ಆಗುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಪಾದ ಎತ್ತಿ ಗೇರಿನಲ್ಲಿ ಉರುಳುವಾಗ, ಸುತ್ತು ತೀರ ಇಳಿಯುವವರೆಗೂ ಇಂಜೆಕ್ಟರುಗಳು ಪೂರ್ತಿ ಮುಚ್ಚಿರುತ್ತವೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಖರ್ಚು ಸೊನ್ನೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಂತೆ ಕಾಯಲು ಪೆಟ್ರೋಲ್ ಮತ್ತೆ ಹರಿಯುತ್ತದೆ.

ಘಟ್ಟ ಇಳಿಯುವಾಗ ಇದು ಪ್ರಾಣದ ಪ್ರಶ್ನೆಯೂ ಹೌದು. ಸಕಲೇಶಪುರದಿಂದ ಶಿರಾಡಿ ಘಾಟಿಯಲ್ಲಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಸುಮಾರು 900 ಮೀಟರ್ ಎತ್ತರ ಕಳೆಯುತ್ತೇವೆ. ಜನ ತುಂಬಿದ 1,300 ಕಿಲೋ ಕಾರಿನಲ್ಲಿ ಆ ಎತ್ತರದ ಶಕ್ತಿ, ಮೂವತ್ತೈದು ಲೀಟರ್ ನೀರನ್ನು, ಎಂದರೆ ಸ್ನಾನದ ಒಂದು ಹಂಡೆ ನೀರನ್ನು ಕುದಿಸುವಷ್ಟು. ಗಾಳಿ ಮತ್ತು ಎಂಜಿನ್ನು ಅದನ್ನು ಹಂಚಿಕೊಳ್ಳದಿದ್ದರೆ ಅಷ್ಟು ಶಾಖವನ್ನೂ ನಾಲ್ಕು ಬ್ರೇಕುಗಳೇ ನುಂಗಬೇಕು. ಕಾದ ಬ್ರೇಕು ಹಿಡಿಯುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಿರಿಯ ಚಾಲಕರ ಮಾತು ಸರಿಯಾಗಿದೆ, ಇಂಜೆಕ್ಷನ್ ಕಾರಿನಲ್ಲಿ ಅದರಿಂದ ಪೆಟ್ರೋಲೂ ಉಳಿಯುತ್ತದೆ. ಹತ್ತುವಾಗ ಇದೇ ಎತ್ತರಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲನ್ನು ಬೇರೆಯಾಗಿಯೇ ಕೊಡಬೇಕು, ಅದನ್ನು ಉಳಿಸಲು ಹೋಗಬೇಡಿ. ಎತ್ತರದ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುವುದಕ್ಕಿಂತ ಮೂರನೆಯ ಗೇರಿನಲ್ಲಿ ಸಲೀಸಾಗಿ ಹತ್ತುವುದು ಒಳ್ಳೆಯದು. ಹಳೆಯ ಕಾರುಗಳಲ್ಲಿ ಬೇಸಿಗೆಯ ಘಟ್ಟದ ಏರಿನಲ್ಲಿ ಪೆಟ್ರೋಲ್ ಪಂಪೊಳಗೇ ಆವಿಯಾಗಿ ಎಂಜಿನ್ ನಿಂತುಹೋಗುತ್ತಿತ್ತು, ನಮ್ಮ ತಂದೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಳೆಯ ಕಾರಿನವರು ಈಗಲೂ ಒಂದು ಬಾಟಲಿ ನೀರು, ಒಂದು ಬಟ್ಟೆ ಇಟ್ಟುಕೊಳ್ಳುವುದು ಕ್ಷೇಮ.

ಸಿಗ್ನಲ್ಲಿನಲ್ಲಿ ನಿಂತ ಸಣ್ಣ ಪೆಟ್ರೋಲ್ ಕಾರು ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಸುಡುತ್ತದೆ, ಎಸಿ ಇದ್ದರೆ ಇನ್ನೂ ಹೆಚ್ಚು. ದಿನಕ್ಕೆ ಇಪ್ಪತ್ತು ನಿಮಿಷ ಹೀಗೆ ನಿಂತರೆ ತಿಂಗಳ ಇಪ್ಪತ್ತೈದು ಕೆಲಸದ ದಿನಗಳಲ್ಲಿ ಆರು ಲೀಟರ್ ಹೋಯಿತು. ಸಿಗ್ನಲ್ಲಿನ ಅಂಕಿ ಮೂವತ್ತಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಎಂಜಿನ್ ಆರಿಸಿ. ಪೂರ್ತಿ ನಿಂತ ಮೇಲೆ ಮಾತ್ರ ಆರಿಸಬೇಕು, ಉರುಳುವಾಗ ಆರಿಸಿದರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ನೆರವು ತಪ್ಪುತ್ತದೆ.

ಟ್ಯಾಂಕಿನೊಳಗೆ ಏನಿದೆ

ಎರಡನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ಗಳಿಗೆ 100 ಆಕ್ಟೇನ್ ಪೆಟ್ರೋಲ್ ಬಂದಾಗ ಅವುಗಳ ಬಲ ಹೆಚ್ಚಿದ್ದು ನಿಜ. ಆದರೆ ಹೆಚ್ಚಿದ್ದು ಪೆಟ್ರೋಲಿನೊಳಗಿನ ಶಕ್ತಿಯಲ್ಲ. ತಾನಾಗಿ ಸಿಡಿಯದೆ ಹೆಚ್ಚು ಒತ್ತಡ ತಾಳುವ ಗುಣ. ಆ ಎಂಜಿನ್ನುಗಳಿಗೆ ಗಾಳಿಯನ್ನು ಇನ್ನಷ್ಟು ಒತ್ತಿ ತುಂಬಲು ಅದು ಅವಕಾಶ ಕೊಟ್ಟಿತು. ನಿಮ್ಮ ಕಾರಿನ ಕೈಪಿಡಿ ಹೆಚ್ಚಿನ ಆಕ್ಟೇನ್ ಕೇಳದಿದ್ದರೆ ದುಬಾರಿ ಪೆಟ್ರೋಲಿನಿಂದ ಮೈಲೇಜ್ ಏರುತ್ತದೆಂದು ನಿರೀಕ್ಷಿಸಬೇಡಿ.

ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರವಾದ್ದರಿಂದ ಮಿಶ್ರಣದ ಪ್ರತಿ ಲೀಟರಿನಲ್ಲಿ ಸುಮಾರು ಶೇಕಡಾ ಆರೇಳು ಶಕ್ತಿ ಕಡಿಮೆ ಇರುತ್ತದೆ. ನಿಮ್ಮ ಹಳೆಯ ದಾಖಲೆಯೊಂದಿಗೆ ಹೋಲಿಸುವಾಗ ಇದನ್ನು ನೆನಪಿಡಿ, ಮೆಕ್ಯಾನಿಕ್‌ನ ಮೇಲೆ ಸುಮ್ಮನೆ ಅನುಮಾನ ಪಡಬೇಡಿ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಪೈಲಟ್‌ಗಳು ಪ್ರತಿ ದಿನ ಹಾರುವ ಮುನ್ನ ಟ್ಯಾಂಕಿನ ತಳದಿಂದ ಒಂದಿಷ್ಟು ಇಂಧನವನ್ನು ಗಾಜಿನ ಲೋಟಕ್ಕೆ ಇಳಿಸಿ, ಅಡಿಯಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತಾರೆ. ವಾರಕ್ಕೊಮ್ಮೆ ಮಾತ್ರ ಹೊರಬರುವ ಪದ್ಮಿನಿ, ಅಂಬಾಸಡರ್‌ಗಳ ಒಡೆಯರು ಕೊಳವೆಗಳನ್ನು ಎಥನಾಲ್ ತಾಳುವ ಬಗೆಯದಕ್ಕೆ ಬದಲಿಸಬೇಕು, ತಿಂಗಳುಗಟ್ಟಲೆ ಅದೇ ಪೆಟ್ರೋಲನ್ನು ಟ್ಯಾಂಕಿನಲ್ಲಿ ಇಡಬಾರದು.

ಖಾಲಿ ಸೀಟುಗಳು, ಮೀಸಲು ಮತ್ತು ಪುಸ್ತಕ

ಭಾರತೀಯ ವಾಯುಪಡೆಯ ಪಾರಂಪರಿಕ ವಿಮಾನಗಳಲ್ಲಿ 'ಪರಶುರಾಮ' ಎಂಬ ಡಕೋಟಾ ಇದೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಾರ್ಥ ಅದನ್ನು ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಕೊಟ್ಟರು. ಡಕೋಟಾ ಗಂಟೆಗೆ ಸುಮಾರು 350 ಲೀಟರ್ ಕುಡಿದು ಸುಮಾರು 250 ಕಿಲೋಮೀಟರ್ ಹಾರುತ್ತದೆ; ಲೀಟರಿಗೆ ಮುಕ್ಕಾಲು ಕಿಲೋಮೀಟರೂ ಇಲ್ಲ. ಆದರೆ ಅದರಲ್ಲಿ 28 ಜನ ಕುಳಿತರೆ, ಒಬ್ಬೊಬ್ಬರ ಲೆಕ್ಕಕ್ಕೆ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಬರುತ್ತದೆ. ಲೀಟರಿಗೆ ಹದಿನೈದು ಓಡುವ ಕಾರಿನಲ್ಲಿ ಒಬ್ಬರೇ ಕಚೇರಿಗೆ ಹೋಗುವವರು 1935ರಲ್ಲಿ ಮೊದಲು ಹಾರಿದ ವಿಮಾನದ ಪ್ರಯಾಣಿಕನಿಗಿಂತ ಹೆಚ್ಚು ಸುಡುತ್ತಿದ್ದಾರೆ. ಇದನ್ನು ಕಂಡುಕೊಂಡ ಮೇಲೆ ನಾನು ಪುಸ್ತಕದಲ್ಲಿ ಎಷ್ಟು ಜನ ಎಂಬ ಅಂಕಣವನ್ನೂ ಸೇರಿಸಿದೆ, ಪಕ್ಕದ ಬೀದಿಯ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದೊಯ್ಯತೊಡಗಿದೆ. ಮೇಲೆ ಹೇಳಿದ ಯಾವ ಉಪಾಯವೂ ಇಷ್ಟು ಉಳಿಸಿಲ್ಲ.

ಹಗಲಿನಲ್ಲಿ ಹಾರುವ ಸಣ್ಣ ವಿಮಾನ, ಗುರಿ ಮುಟ್ಟಿದ ಮೇಲೂ ಅರ್ಧ ಗಂಟೆ ಹಾರುವಷ್ಟು ಇಂಧನವನ್ನು ಮೀಸಲಿಟ್ಟಿರಬೇಕು. ಕಾರಿನಲ್ಲಿ ಕಾಲು ಟ್ಯಾಂಕನ್ನು ಮೀಸಲೆಂದು ಭಾವಿಸಿ. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುವ ಇಂದಿನ ಕಾರುಗಳಲ್ಲಿ ಆ ಪಂಪನ್ನು ತಂಪಾಗಿಡುವುದು ಪೆಟ್ರೋಲೇ; ಸದಾ ಕೆಂಪು ದೀಪದ ಮೇಲೆ ಓಡಿಸುವುದು ಪಂಪಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಬೇರೆ ದಾರಿ ಹಿಡಿಯಬೇಕಾಗಿ ಬಂದರೆ ಆ ಕಾಲು ಟ್ಯಾಂಕು ನಿಮ್ಮನ್ನು ಕಾಯುತ್ತದೆ.

ಪ್ರವಾಸ ಮುಗಿದ ಸಂಜೆಯೇ ಪುಸ್ತಕ ಬರೆಯಿರಿ. ದಿನಾಂಕ, ದೂರ, ಲೀಟರು, ಜನ, ಸರಾಸರಿ ವೇಗ, ಟಯರಿನ ಗಾಳಿ, ಮಳೆ ಇತ್ತೇ ಎಂಬುದು ಇದ್ದರೆ ಸಾಕು. ನನ್ನ 1.2 ಲೀಟರ್ ಕಾರಿನ ಪುಸ್ತಕದಲ್ಲಿ ಬೆಂಗಳೂರು–ಮಂಗಳೂರಿನ ಒಂದು ಪುಟ ಹೀಗಿದೆ: ಹೋಗುವಾಗ 352 ಕಿಲೋಮೀಟರಿಗೆ 19.8 ಲೀಟರ್, ಬರುವಾಗ ಅಷ್ಟೇ ದೂರಕ್ಕೆ 22.1 ಲೀಟರ್, ಎರಡೂ ಸಲ ಮೂವರು, ಮಳೆ ಇಲ್ಲ. ನಡುವಿನ 2.3 ಲೀಟರಿನ ಎದುರಿಗೆ ನಾನು ಬರೆದಿರುವುದು ಒಂದೇ ಪದ, ಶಿರಾಡಿ.